ರಿಫೈನರಿ, ರನ್‌ವೇ ಮತ್ತು ಒಂದು ನೀಲಿ ಚಿಟ್ಟೆ

ಎಲ್ ಸೆಗುಂಡೊ ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ "ಎರಡನೆಯದು" ಅಂತ ಅರ್ಥ. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ದಕ್ಷಿಣದ ಬೇಲಿಗೆ ಅಂಟಿಕೊಂಡಿರುವ ಪುಟ್ಟ ಊರೊಂದರ ಹೆಸರು ಇದು. ಈ ಹೆಸರು ಬಂದ ಕಾರಣ ಸರಳ. ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ತನ್ನ ಮೊದಲ ರಿಫೈನರಿಯನ್ನು ರಿಚ್ಮಂಡ್ ಎಂಬಲ್ಲಿ ಕಟ್ಟಿತ್ತು. 1911ರಲ್ಲಿ ಎರಡನೆಯದನ್ನು ಇಲ್ಲಿ ಕಟ್ಟಿತು. ರಿಫೈನರಿಯ ಸುತ್ತ ಊರು ಬೆಳೆಯಿತು, 1917ರಲ್ಲಿ ನಗರಸಭೆಯೂ ಆಯಿತು. ನಮ್ಮಲ್ಲಿ ದೇವರ ಹೆಸರಿನ ಊರುಗಳಿವೆ, ಕೆರೆಯ ಹೆಸರಿನ, ಪಾಳೇಗಾರನ ಹೆಸರಿನ ಊರುಗಳಿವೆ. ಕಾರ್ಖಾನೆಯ ಕ್ರಮಸಂಖ್ಯೆಯೇ ಹೆಸರಾದ ಊರು ನನಗೆ ಗೊತ್ತಿರುವಂತೆ ಇದೊಂದೇ.

ತಮಾಷೆಯೆಂದರೆ ಆ ಕ್ರಮಸಂಖ್ಯೆಯನ್ನು ಈಗ ಒಂದು ಚಿಟ್ಟೆಯೂ ಹೊತ್ತು ತಿರುಗುತ್ತಿದೆ. "ಎಲ್ ಸೆಗುಂಡೊ ಬ್ಲೂ" ಅಂತ ಅದರ ಹೆಸರು. ರೆಕ್ಕೆ ಬಿಚ್ಚಿದರೆ ಒಂದಂಗುಲ ಇರಬಹುದು, ಅಷ್ಟೇ. ಗಂಡಿನ ರೆಕ್ಕೆಯ ಮೇಲ್ಭಾಗ ಹೊಳೆಯುವ ನೀಲಿ, ಹೆಣ್ಣಿನದು ಕಂದು, ಅಂಚಿನಲ್ಲಿ ಕಿತ್ತಳೆ ಪಟ್ಟಿ. ಸಾವಿರಾರು ವರ್ಷಗಳಿಂದ ಅಲ್ಲಿಯೇ ಇದ್ದ ಜೀವಿಗೆ ನಿನ್ನೆ ಮೊನ್ನೆ ಬಂದ ಎಣ್ಣೆ ಕಾರ್ಖಾನೆಯ ಹೆಸರು! ಈ ಚಿಟ್ಟೆ ಯಾಕೆ ಅಳಿಯುತ್ತಾ ಬಂತು, ಮತ್ತೆ ಹೇಗೆ ಉಳಿಯಿತು ಅನ್ನುವುದೇ ಈ ಬರಹದ ವಿಷಯ. ಕೆಲಸದ ನೆಪದಲ್ಲಿ ಕೆಲವು ವರ್ಷ ನಾನು ಆ ಕಡೆ ಇದ್ದೆ. ಆಗ ಹುಟ್ಟಿದ ಕುತೂಹಲ ಇನ್ನೂ ಬಿಟ್ಟಿಲ್ಲ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ಮೊದಲು ಮರಳಿನ ಕಥೆ. ಸಾಂಟಾ ಮೋನಿಕಾ ಕೊಲ್ಲಿಯ ದಂಡೆಯಲ್ಲಿ, ಪ್ಲಾಯ ಡೆಲ್ ರೇಯಿಂದ ದಕ್ಷಿಣಕ್ಕೆ ಪಾಲೋಸ್ ವರ್ಡೀಸ್ ಗುಡ್ಡಗಳವರೆಗೆ ಒಂದು ಕಾಲಕ್ಕೆ ಸಾಲಾಗಿ ಮರಳುದಿಬ್ಬಗಳಿದ್ದವು. ಒಟ್ಟು ಮೂರು ಸಾವಿರ ಎಕರೆಯಷ್ಟು ಅನ್ನುತ್ತಾರೆ. ಕಡಲ ಗಾಳಿ ಮರಳನ್ನು ಎತ್ತಿ ತಂದು ಸುರಿಯುತ್ತದೆ, ಗಿಡಗಳ ಬೇರು ಅದನ್ನು ಹಿಡಿಯುತ್ತದೆ, ಮತ್ತೆ ಗಾಳಿ ಒಂದಿಷ್ಟನ್ನು ಒಯ್ಯುತ್ತದೆ. ಈ ಹಿಡಿಯುವುದು-ಬಿಡುವುದರ ನಡುವೆ ಬದುಕಲು ಕಲಿತ ಗಿಡಗಳು, ಹುಳುಗಳು, ಹಲ್ಲಿಗಳು ಅಲ್ಲಿದ್ದವು. ಅವುಗಳಲ್ಲಿ ಕೆಲವು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ನಮ್ಮ ಕಣ್ಣಿಗೆ ಮರಳುದಿಬ್ಬ ಅಂದರೆ ಖಾಲಿ ಜಾಗ. ಅವರ ಕಣ್ಣಿಗೂ ಹಾಗೇ ಕಂಡಿತು. 1911ರಲ್ಲಿ ರಿಫೈನರಿ ಬಂತು. ಪಕ್ಕದ ಮ್ಯಾನ್‌ಹ್ಯಾಟನ್ ಬೀಚ್‌ನ ದಿಬ್ಬಗಳನ್ನು ಅಗೆದು ಮರಳನ್ನು ಮಾರಿದರು. 1920ರ ದಶಕದಲ್ಲಿ ಅದರಲ್ಲಿ ಒಂದು ಪಾಲು ಹಡಗು ಹತ್ತಿ ಹವಾಯಿಯ ವೈಕೀಕಿ ಬೀಚಿಗೆ ಹೋಯಿತು. ಇವತ್ತು ಹವಾಯಿಗೆ ಹೋಗಿ ಮರಳಿನ ಮೇಲೆ ಮಲಗುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ! ಆಮೇಲೆ ಲಾಸ್ ಏಂಜಲೀಸ್ ನಗರದ ಕೊಳಚೆ ಶುದ್ಧೀಕರಿಸುವ ಹೈಪೀರಿಯನ್ ಘಟಕ ಇದೇ ದಿಬ್ಬಗಳ ಮೇಲೆ ಬೆಳೆಯಿತು. ಅದನ್ನು ದೊಡ್ಡದು ಮಾಡಲು ಅಗೆದ ಮರಳನ್ನು ಮುಂದಿನ ಕಡಲದಂಡೆಗೆ ಸುರಿದು ಬೀಚನ್ನು ಅಗಲ ಮಾಡಿದರು. ಅದರ ಪಕ್ಕಕ್ಕೆ ವಿದ್ಯುತ್ ಸ್ಥಾವರ. ಹಿಂಬದಿಯಲ್ಲಿ, 1928ರಲ್ಲಿ ಮೈನ್ಸ್ ಫೀಲ್ಡ್ ಎಂಬ ಸಣ್ಣ ವಿಮಾನ ಮೈದಾನ. ಅದೇ ಇವತ್ತಿನ ಎಲ್‌ಎಎಕ್ಸ್.

ಕಡಲಿಗೆ ಎದುರಾಗಿದ್ದ ದಿಬ್ಬಗಳ ಮೇಲೆ 1920ರ ದಶಕದಲ್ಲಿ ಸೈಟು ಮಾಡಿ ಮಾರಿದರು. ಪಾಲಿಸೇಡ್ಸ್ ಡೆಲ್ ರೇ, ಸರ್ಫ್‌ರಿಡ್ಜ್ ಅಂತೆಲ್ಲ ಚಂದದ ಹೆಸರು. ಕಿಟಕಿ ತೆರೆದರೆ ಪೆಸಿಫಿಕ್ ಸಾಗರ. ಯಾರಿಗೆ ಬೇಡ ಹೇಳಿ? ಸುಮಾರು 800 ಮನೆಗಳು ಎದ್ದವು. ಅವರ ಗ್ರಹಚಾರಕ್ಕೆ ಹಿಂದಿನ ಮೈದಾನ ಬೆಳೆಯುತ್ತಾ ಹೋಯಿತು. 1959ರಲ್ಲಿ ಜೆಟ್ ವಿಮಾನಗಳ ಸೇವೆ ಶುರುವಾಯಿತು. ಎಲ್‌ಎಎಕ್ಸ್‌ನಿಂದ ಏಳುವ ವಿಮಾನಗಳು ಹೆಚ್ಚಾಗಿ ಪಶ್ಚಿಮಕ್ಕೆ, ಅಂದರೆ ಸಮುದ್ರದ ಕಡೆಗೆ ಏಳುತ್ತವೆ. ಅಂದರೆ ನೇರವಾಗಿ ಈ ಮನೆಗಳ ಚಾವಣಿಯ ಮೇಲೆ. ಸದ್ದಿಗೆ ಜನ ಕಂಗೆಟ್ಟರು. ಕೋರ್ಟು, ಕಚೇರಿ ಎಲ್ಲ ಆಯಿತು. ಕೊನೆಗೆ 1960 ಮತ್ತು 70ರ ದಶಕಗಳಲ್ಲಿ ನಗರವೇ ಆ ಮನೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡು ತೆರವು ಮಾಡಿತು. ಬಿಡಲೊಲ್ಲೆ ಎಂದು ಕುಳಿತವರೂ ಇದ್ದರು. ಕಡಲು ನೋಡುತ್ತಾ ಮುದುಕರಾಗಬೇಕು ಅಂದುಕೊಂಡಿದ್ದವರನ್ನು ಎಬ್ಬಿಸುವುದು ಸಣ್ಣ ಮಾತಲ್ಲ. ನಮ್ಮಲ್ಲಿ ಅಣೆಕಟ್ಟು, ಬಂದರು, ನೌಕಾನೆಲೆಗಳಿಗೆ ಊರು ಬಿಟ್ಟವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಗಳು ಹೋದವು, ರಸ್ತೆಗಳು ಉಳಿದವು. ನೀವು ಯಾವಾಗಲಾದರೂ ಎಲ್‌ಎಎಕ್ಸ್‌ನಿಂದ ಹಗಲಿನಲ್ಲಿ ಹೊರಟರೆ, ಕಿಟಕಿ ಸೀಟು ಸಿಕ್ಕರೆ, ಸಮುದ್ರ ಬರುವ ಮೊದಲ ಕೆಲವು ಸೆಕೆಂಡು ಕೆಳಗೆ ನೋಡಿ. ಡಾಂಬರು ರಸ್ತೆಗಳ ಜಾಲ ಕಾಣುತ್ತದೆ, ಒಂದು ಮನೆಯೂ ಇರುವುದಿಲ್ಲ. ಸುತ್ತ ಬೇಲಿ. ಒಳಗೆಲ್ಲ ಮಂಕು ಹಸಿರಿನ ಪೊದೆಗಳು. ಅದೇ ನಮ್ಮ ಚಿಟ್ಟೆಯ ಊರು. ಸುಮಾರು 300 ಎಕರೆ.

* * *

ಈಗ ಚಿಟ್ಟೆಯ ಬದುಕು. ಮರಳುದಿಬ್ಬದ ಮೇಲೆ ಬೆಳೆಯುವ ಬಕ್‌ವೀಟ್ ಎಂಬ ಕುರುಚಲು ಗಿಡವಿದೆ. ವಿಜ್ಞಾನಿಗಳು ಎರಿಯೋಗೊನಮ್ ಪಾರ್ವಿಫೋಲಿಯಮ್ ಅನ್ನುತ್ತಾರೆ. ಬಿಳಿ, ನಸುಗೆಂಪು ಬಣ್ಣದ ಪುಟ್ಟ ಹೂಗೊಂಚಲು. ಎಲ್ ಸೆಗುಂಡೊ ಬ್ಲೂ ಚಿಟ್ಟೆಗೆ ಈ ಗಿಡವೇ ಮನೆ, ಇದೇ ಊಟ, ಇದೇ ಮದುವೆ ಮಂಟಪ, ಇದೇ ಬಾಣಂತಿ ಕೋಣೆ. ದೊಡ್ಡ ಚಿಟ್ಟೆ ಇದರ ಮಕರಂದ ಕುಡಿಯುತ್ತದೆ. ಇದರ ಹೂವಿನ ಮೇಲೆಯೇ ಜೋಡಿಯಾಗುತ್ತದೆ. ಇದರ ಹೂವಿನಲ್ಲೇ ಮೊಟ್ಟೆ ಇಡುತ್ತದೆ. ಮರಿಹುಳು ಎಲೆ ಮುಟ್ಟುವುದಿಲ್ಲ, ಹೂವನ್ನೇ ತಿನ್ನುತ್ತದೆ. ಹುಳು ಒಸರುವ ಸಿಹಿ ರಸಕ್ಕೆ ಇರುವೆಗಳು ಮುತ್ತಿಕೊಳ್ಳುತ್ತವೆ. ರಸ ಕುಡಿದ ಋಣಕ್ಕೆ ಅದರ ಕಾವಲು ಕಾಯುತ್ತವೆ.

ಹೂವು ಮುಗಿಯುವ ಹೊತ್ತಿಗೆ ಹುಳು ಗಿಡದ ಬುಡಕ್ಕೆ ಇಳಿದು ಮರಳು ಅಥವಾ ಉದುರಿದ ಎಲೆಗಳ ಅಡಿಯಲ್ಲಿ ಕೋಶವಾಗುತ್ತದೆ. ಮುಂದಿನ ಬೇಸಿಗೆಯವರೆಗೆ ಅಲ್ಲಿಯೇ ನಿದ್ದೆ. ಕೆಲವು ಒಂದು ವರ್ಷವಲ್ಲ, ಎರಡು ಮೂರು ವರ್ಷ ಏಳದೆ ಕಾಯುವುದೂ ಉಂಟು. ಜೂನ್ ಮಧ್ಯದಿಂದ ಸೆಪ್ಟೆಂಬರ್ ಆರಂಭದವರೆಗೆ, ಬಕ್‌ವೀಟ್ ಹೂಬಿಡುವ ಕಾಲಕ್ಕೆ ಸರಿಯಾಗಿ ಚಿಟ್ಟೆಗಳು ಹೊರಬರುತ್ತವೆ. ರೆಕ್ಕೆ ಬಂದ ಮೇಲಿನ ಬದುಕು ಕೆಲವು ದಿನಗಳದ್ದು. ಹುಟ್ಟಿದ ಗಿಡದಿಂದ ಬಹಳ ದೂರ ಹಾರುವುದೂ ಅಪರೂಪ.

ಅಂದರೆ ಲೆಕ್ಕ ಬಹಳ ಬಿಗಿಯಾದದ್ದು. ಆ ಒಂದು ಗಿಡ ಬೇಕು, ಅದು ಆ ತಿಂಗಳುಗಳಲ್ಲಿ ಹೂಬಿಡಬೇಕು, ಅದರ ಬುಡದ ಮರಳನ್ನು ಯಾರೂ ತುಳಿದು ಗಟ್ಟಿ ಮಾಡಬಾರದು. ಇದರಲ್ಲಿ ಒಂದು ತಪ್ಪಿದರೂ ಆ ವರ್ಷದ ಸಂತಾನ ಇಲ್ಲ.

ಈ ಚಿಟ್ಟೆಯನ್ನು ಪ್ರತ್ಯೇಕ ಉಪಜಾತಿ ಎಂದು ಓಕ್ಲಿ ಶೀಲ್ಡ್ಸ್ ಎಂಬ ಕೀಟಶಾಸ್ತ್ರಜ್ಞ ವಿವರಿಸಿದ್ದು 1975ರಲ್ಲಿ. ಮರುವರ್ಷವೇ, 1976ರ ಜೂನ್ 1ರಂದು, ಅಮೆರಿಕದ ಕೇಂದ್ರ ಸರ್ಕಾರ ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಆ ಕಾಯ್ದೆ ಬಂದದ್ದೇ 1973ರ ಕೊನೆಯಲ್ಲಿ. ಹದ್ದು, ಕರಡಿ, ತಿಮಿಂಗಿಲಗಳಿಗೆ ರಕ್ಷಣೆ ಕೊಡುವ ಪಟ್ಟಿಯಲ್ಲಿ ಹುಳಹುಪ್ಪಟೆಗಳಿಗೂ ಜಾಗ ಕೊಟ್ಟಿದ್ದು ಹೊಸ ಸಂಗತಿ. ಅಂದು ಒಟ್ಟಿಗೆ ಆರು ಚಿಟ್ಟೆಗಳು ಪಟ್ಟಿ ಸೇರಿದವು, ಆರೂ ಕ್ಯಾಲಿಫೋರ್ನಿಯಾದವು. ಹೆಸರು ಸಿಕ್ಕಿ ಒಂದು ವರ್ಷ ಆಗುವಷ್ಟರಲ್ಲಿ ಅಳಿವಿನ ಪಟ್ಟಿ! ನಾಮಕರಣದ ಬೆನ್ನಿಗೇ ಐಸಿಯು ಸೇರಿದ ಕೂಸಿನಂತೆ.

* * *

ಇಲ್ಲಿ ಸ್ವಲ್ಪ ಹಿಂದಕ್ಕೆ, ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬರೋಣ. ಆ ನಗರದ ಪಶ್ಚಿಮದ ಅರ್ಧ ಭಾಗ ಇರುವುದೂ ಮರಳುದಿಬ್ಬಗಳ ಮೇಲೆಯೇ. ಅಲ್ಲಿ ಜರ್ಸೀಸ್ ಬ್ಲೂ ಎಂಬ ಇನ್ನೊಂದು ನೀಲಿ ಚಿಟ್ಟೆ ಇತ್ತು. 1852ರಲ್ಲಿ ಬುವಾದುವಾಲ್ ಎಂಬ ಫ್ರೆಂಚ್ ವಿಜ್ಞಾನಿ ಅದಕ್ಕೆ ಪರ್ಷಿಯಾದ ದೊರೆಯ ಹೆಸರಿಟ್ಟ. ನಗರ ಬೆಳೆಯಿತು, ದಿಬ್ಬಗಳ ಮೇಲೆ ರಸ್ತೆ ಮನೆಗಳು ಬಂದವು. 1940ರ ದಶಕದ ಮೊದಲ ವರ್ಷಗಳ ನಂತರ ಆ ಚಿಟ್ಟೆಯನ್ನು ಯಾರೂ ಕಂಡಿಲ್ಲ. ನಗರ ಬೆಳೆದ ಕಾರಣಕ್ಕೇ ಅಳಿದ ಅಮೆರಿಕದ ಮೊದಲ ಚಿಟ್ಟೆ ಅದು ಅನ್ನುತ್ತಾರೆ. 1971ರಲ್ಲಿ ರಾಬರ್ಟ್ ಮೈಕಲ್ ಪೈಲ್ ಕೀಟಗಳ ರಕ್ಷಣೆಗಾಗಿ ಸಂಸ್ಥೆ ಕಟ್ಟಿದಾಗ ಅದಕ್ಕೆ ಈ ಸತ್ತ ಚಿಟ್ಟೆಯ ಹೆಸರನ್ನೇ ಇಟ್ಟರು: ಜರ್ಸೀಸ್ ಸೊಸೈಟಿ.

2021ರಲ್ಲಿ ಒಂದು ಮ್ಯೂಸಿಯಮ್ಮಿನಲ್ಲಿ 93 ವರ್ಷಗಳಿಂದ ಗುಂಡುಸೂಜಿಯಲ್ಲಿ ನಿಂತಿದ್ದ ಜರ್ಸೀಸ್ ಬ್ಲೂವಿನ ಡಿಎನ್ಎ ತೆಗೆದು ನೋಡಿ, ಅದು ನಿಜಕ್ಕೂ ಬೇರೆಯದೇ ಪ್ರಭೇದವಾಗಿತ್ತು ಎಂದು ಖಚಿತಪಡಿಸಿದರು. ಅಂದರೆ ಕಳೆದುಕೊಂಡದ್ದು ಇನ್ನೆಲ್ಲಿಯೂ ಇಲ್ಲ ಅನ್ನುವುದು ಎಂಬತ್ತು ವರ್ಷದ ಮೇಲೆ ಗೊತ್ತಾಯಿತು. 2024ರಲ್ಲಿ ಅದರ ಹತ್ತಿರದ ನೆಂಟನಾದ ಸಿಲ್ವರಿ ಬ್ಲೂ ಎಂಬ ಚಿಟ್ಟೆಯನ್ನು ಬೇರೆ ಕಡೆಯಿಂದ ತಂದು, ಪ್ರೆಸಿಡಿಯೋ ಎಂಬಲ್ಲಿ ಸರಿಪಡಿಸಿದ ದಿಬ್ಬಗಳಲ್ಲಿ ಬಿಟ್ಟಿದ್ದಾರೆ. ಒಳ್ಳೆಯ ಕೆಲಸ. ಆದರೆ ಹೋದವನ ಕುರ್ಚಿಯಲ್ಲಿ ದಾಯಾದಿಯನ್ನು ಕೂರಿಸಿದ ಹಾಗೆಯೇ ಅದು.

ಎಲ್ ಸೆಗುಂಡೊ ಬ್ಲೂ ಈ ದಾರಿ ಹಿಡಿಯಲಿಲ್ಲ. ಯಾಕೆ? ಅದನ್ನು ಯಾರಾದರೂ ಪ್ರೀತಿಯಿಂದ ಕಾಪಾಡಿದರೇ? ಇಲ್ಲ. ಕನಿಷ್ಠ ಮೊದಲಿಗಂತೂ ಇಲ್ಲ. ಜೆಟ್ ವಿಮಾನದ ಸದ್ದು ಕಾಪಾಡಿತು! ಆ ಸದ್ದು ಇಲ್ಲದಿದ್ದರೆ 800 ಮನೆಗಳು ಇವತ್ತಿಗೂ ಇರುತ್ತಿದ್ದವು, ಈಗ ಒಂದೊಂದಕ್ಕೂ ಕೋಟಿಗಟ್ಟಲೆ ಬೆಲೆ ಇರುತ್ತಿತ್ತು. ಮನುಷ್ಯ ಬದುಕಲಾಗದ ಜಾಗ ಆಗಿದ್ದರಿಂದ ಚಿಟ್ಟೆಗೆ ಜಾಗ ಉಳಿಯಿತು. ಇದನ್ನು ಓದಿದಾಗ ನನಗೆ ದಕ್ಷಿಣ ಕನ್ನಡದ ನಾಗಬನಗಳು ನೆನಪಾದವು. ನಾಗನ ಭಯಕ್ಕೆ ಯಾರೂ ಕೊಡಲಿ ಹಾಕದೆ ಬಿಟ್ಟ ತುಂಡು ಕಾಡುಗಳು. ಅಲ್ಲಿ ಉಳಿದ ಮರಬಳ್ಳಿಗಳನ್ನು ಉಳಿಸಬೇಕು ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಉಳಿಸುವ ಉದ್ದೇಶ ಒಂದು, ಉಳಿದದ್ದು ಇನ್ನೊಂದು.

* * *

ಆದರೆ ಕಥೆ ಇಲ್ಲಿಗೇ ಮುಗಿದಿದ್ದರೆ ಚಿಟ್ಟೆ ಇವತ್ತು ಇರುತ್ತಿರಲಿಲ್ಲ. ಬೇಲಿ ಹಾಕಿ ಬಿಟ್ಟರೆ ಸಾಕು, ಪ್ರಕೃತಿ ತಾನೇ ಸರಿಮಾಡಿಕೊಳ್ಳುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಮರಳುದಿಬ್ಬದ ವಿಷಯದಲ್ಲಿ ಇದು ಸುಳ್ಳಾಯಿತು.

ಮನೆಗಳಿದ್ದಾಗ ಜನ ತಮ್ಮ ತೋಟಗಳಲ್ಲಿ ನೆಟ್ಟಿದ್ದ ಗಿಡಗಳು ಅಲ್ಲಿಯೇ ಇದ್ದವು. ದಕ್ಷಿಣ ಆಫ್ರಿಕಾದಿಂದ ಬಂದ, ಮರಳಿನ ಮೇಲೆ ಚಾಪೆಯಂತೆ ಹಬ್ಬುವ ಐಸ್ ಪ್ಲಾಂಟ್. ಆಸ್ಟ್ರೇಲಿಯಾದ ಅಕೇಶಿಯ. ಯುರೋಪಿನ ಹುಲ್ಲುಗಳು. ಇವೆಲ್ಲ ಖಾಲಿ ಜಾಗ ಸಿಕ್ಕಿದ್ದೇ ತಡ ಹಬ್ಬಿಕೊಂಡವು. ಇದರ ಜೊತೆಗೆ ಒಂದು ಎಡವಟ್ಟೂ ಆಯಿತು. 1970ರ ದಶಕದ ಮಧ್ಯದಲ್ಲಿ ದಿಬ್ಬದ ಹಿಂಬದಿಯ ರಸ್ತೆಯನ್ನು ಸ್ಥಳಾಂತರಿಸಿದ ಮೇಲೆ, ಅಗೆದು ಬೋಳಾದ ಮಣ್ಣಿಗೆ ಹಸಿರು ಹೊದಿಸಲು "ಕ್ಯಾಲಿಫೋರ್ನಿಯಾದ ದೇಸಿ ಗಿಡಗಳ" ಬೀಜ ಬಿತ್ತಿದರು. ಅದರಲ್ಲಿ ಬಕ್‌ವೀಟ್ ಕೂಡ ಇತ್ತು. ಆದರೆ ಬೇರೆ ಬಕ್‌ವೀಟ್! ಅದೇ ಕುಲ, ಅದೇ ರಾಜ್ಯ, ಆದರೆ ಈ ದಿಬ್ಬದ್ದಲ್ಲ.

ನೋಡುವವರಿಗೆ ಎರಡೂ ಒಂದೇ ಥರ. ಚಿಟ್ಟೆಗೆ ಹಾಗಲ್ಲ. ಹೊಸ ಗಿಡ ಮೊದಲೇ ಹೂಬಿಡುತ್ತದೆ. ಚಿಟ್ಟೆ ಬರುವ ಕಾಲಕ್ಕೂ ಅದರ ಹೂವಿನ ಕಾಲಕ್ಕೂ ತಾಳೆಯಾಗಲಿಲ್ಲ. ಆದರೆ ಬಕ್‌ವೀಟ್ ಹೂವನ್ನೇ ತಿನ್ನುವ ಬೇರೆ ಪತಂಗಗಳ ಹುಳುಗಳಿಗೆ ಅದು ಹಬ್ಬದೂಟವಾಯಿತು. ಅವು ಬೇಗನೆ ಹೆಚ್ಚಿದವು, ಅವುಗಳ ಜೊತೆಗೆ ಹುಳುಗಳ ಮೈಯಲ್ಲಿ ಮೊಟ್ಟೆ ಇಡುವ ಪರಾವಲಂಬಿ ಕೀಟಗಳೂ ಹೆಚ್ಚಿದವು. ನಂತರ ದಿಬ್ಬದ ಸ್ವಂತ ಬಕ್‌ವೀಟ್ ಹೂಬಿಟ್ಟಾಗ ಈ ದಂಡೆಲ್ಲ ಅಲ್ಲಿಗೆ ದಾಳಿಯಿಟ್ಟಿತು. ಪಾಪದ ನೀಲಿ ಚಿಟ್ಟೆಯ ಮರಿಗಳಿಗೆ ತಿನ್ನಲು ಪೈಪೋಟಿ, ಮೇಲೆ ಶತ್ರುಕಾಟ. ಒಳ್ಳೆಯದು ಮಾಡಲು ಹೋಗಿ ಆದ ಅನಾಹುತವಿದು. ಇದನ್ನು ಬಿಡಿಸಿ ತೋರಿಸಿದವರು ರೂಡಿ ಮಟೋನಿ ಎಂಬ ಚಿಟ್ಟೆ ತಜ್ಞರು. 1980ರ ದಶಕದ ಉತ್ತರಾರ್ಧದಿಂದ ಅವರ ಮುಂದಾಳ್ತನದಲ್ಲಿ ಹೊರಗಿನ ಬಕ್‌ವೀಟ್ ಕೀಳುವುದು, ಕಳೆ ತೆಗೆಯುವುದು, ಅದೇ ದಿಬ್ಬದ ಬೀಜದಿಂದ ಸಸಿ ಮಾಡಿ ನೆಡುವುದು ನಡೆಯಿತು.

ಈ ನಡುವೆ ಇನ್ನೊಂದು ಗಂಡಾಂತರ. ವಿಮಾನ ನಿಲ್ದಾಣದವರಿಗೆ ಇಷ್ಟು ದೊಡ್ಡ ಜಾಗ ಸುಮ್ಮನೆ ಬಿದ್ದಿರುವುದು ಸರಿಬರಲಿಲ್ಲ. 1980ರ ದಶಕದಲ್ಲಿ ಅಲ್ಲೊಂದು ಗಾಲ್ಫ್ ಮೈದಾನ ಮಾಡುವ ಯೋಜನೆ ತಂದರು. ಒಂದು ಮೂಲೆಯನ್ನು ಚಿಟ್ಟೆಗೆ ಬಿಟ್ಟು ಉಳಿದದ್ದರಲ್ಲಿ ಹುಲ್ಲುಹಾಸು. ರಾಜ್ಯದ ಕರಾವಳಿ ಆಯೋಗ ಒಪ್ಪಲಿಲ್ಲ. ಎಳೆದಾಟದ ಕೊನೆಗೆ 1990ರ ದಶಕದ ಆರಂಭದಲ್ಲಿ ಸುಮಾರು 200 ಎಕರೆ ಚಿಟ್ಟೆಯ ರಕ್ಷಿತ ಪ್ರದೇಶ ಎಂದು ತೀರ್ಮಾನವಾಯಿತು. 1970ರ ದಶಕದಲ್ಲಿ ನೂರರ ಲೆಕ್ಕದಲ್ಲಿದ್ದ ಚಿಟ್ಟೆಗಳ ಅಂದಾಜು 2011ರ ಹೊತ್ತಿಗೆ ಒಂದು ಲಕ್ಷ ದಾಟಿತ್ತು. ಇಂಥ ಲೆಕ್ಕ ವರ್ಷ ವರ್ಷಕ್ಕೂ ಏರಿಳಿಯುತ್ತದೆ. ಒಂದು ವರ್ಷದ ದೊಡ್ಡ ಸಂಖ್ಯೆ ನೋಡಿ ಗೆದ್ದೆವು ಎಂದು ಕೂರುವಂತಿಲ್ಲ. ಚಿಟ್ಟೆ ಈಗಲೂ ಅಳಿವಿನಂಚಿನ ಪಟ್ಟಿಯಲ್ಲೇ ಇದೆ.

ಕಳೆ ಕೀಳಲು ಸ್ವಯಂಸೇವಕರನ್ನು ಆಗಾಗ ಒಳಗೆ ಬಿಡುತ್ತಾರೆ. ಒಂದು ಶನಿವಾರ ನಾನೂ ಹೋಗಿದ್ದೆ. ಕೈಗವಸು, ಒಂದು ಚೀಲ, ಯಾವುದು ಕೀಳಬೇಕು ಯಾವುದು ಮುಟ್ಟಬಾರದು ಎಂದು ಹತ್ತು ನಿಮಿಷದ ಪಾಠ. ನಮ್ಮ ಜೊತೆ ಶಾಲೆ ಮಕ್ಕಳಿದ್ದರು, ರಿಟೈರ್ ಆದವರಿದ್ದರು. ಮಾತಾಡುತ್ತಿದ್ದವರು ಪ್ರತಿ ಒಂದೆರಡು ನಿಮಿಷಕ್ಕೆ ಅರ್ಧಕ್ಕೆ ನಿಲ್ಲಿಸಿ, ವಿಮಾನ ಹೋದ ಮೇಲೆ ಅದೇ ಶಬ್ದದಿಂದ ಮತ್ತೆ ಶುರು ಮಾಡುತ್ತಿದ್ದರು. ಅಭ್ಯಾಸವಾಗಿಬಿಟ್ಟಿದೆ. ಚಿಟ್ಟೆಯ ಕಾಲವಲ್ಲವಾದ್ದರಿಂದ ಒಂದೂ ಕಾಣಲಿಲ್ಲ. ಎಲ್ಲ ನಮ್ಮ ಕಾಲ ಕೆಳಗೆ ಮಲಗಿದ್ದವು. ಅದಕ್ಕೇ ಹೆಜ್ಜೆ ಎಲ್ಲಿಡಬೇಕು ಎನ್ನುವುದೂ ಪಾಠದಲ್ಲಿತ್ತು.

* * *

ಇನ್ನು ರಿಫೈನರಿಯ ಕಥೆ. ಸ್ಟ್ಯಾಂಡರ್ಡ್ ಆಯಿಲ್ 1984ರಲ್ಲಿ ಶೆವ್ರಾನ್ ಎಂದು ಹೆಸರು ಬದಲಿಸಿಕೊಂಡಿತು. ಸುಮಾರು ಸಾವಿರ ಎಕರೆಯ ಆ ರಿಫೈನರಿಯ ಆವರಣದಲ್ಲಿ ಮೂಲ ದಿಬ್ಬದ ಒಂದೂವರೆ ಎಕರೆಯಷ್ಟು ತುಂಡು ಹೇಗೋ ಉಳಿದುಕೊಂಡಿತ್ತು, ಅದರಲ್ಲಿ ಚಿಟ್ಟೆಯೂ ಇತ್ತು. 1975ರಲ್ಲಿ ಕಂಪನಿ ಅದಕ್ಕೆ ಬೇಲಿ ಹಾಕಿ ಕಾಪಾಡತೊಡಗಿತು. ರಿಚರ್ಡ್ ಆರ್ನಾಲ್ಡ್ ಎಂಬ ಕೀಟತಜ್ಞರು ಅಲ್ಲಿ ವರ್ಷಗಟ್ಟಲೆ ಚಿಟ್ಟೆ ಎಣಿಸಿದರು, ಬಕ್‌ವೀಟ್ ನೆಡಿಸಿದರು. ಸಾವಿರ ಎಕರೆಯಲ್ಲಿ ಒಂದೂವರೆ! ನಗು ಬರಬಹುದು. ಆದರೆ ಸಣ್ಣ ಜೀವಕ್ಕೆ ಸಣ್ಣ ಜಾಗವೂ ಆಗುತ್ತದೆ ಎನ್ನುವುದನ್ನು ಆ ತುಂಡು ತೋರಿಸಿಕೊಟ್ಟಿತು. ಹುಲಿಯನ್ನೋ ಆನೆಯನ್ನೋ ಒಂದೂವರೆ ಎಕರೆಯಲ್ಲಿ ಉಳಿಸಲು ಆಗುತ್ತದೆಯೇ?

1980ರ ದಶಕದಲ್ಲಿ ಕಂಪನಿ ಈ ಚಿಟ್ಟೆಯನ್ನು ಟೀವಿ ಮತ್ತು ಪತ್ರಿಕೆಯ ಜಾಹೀರಾತಿಗೆ ಬಳಸಿಕೊಂಡಿತು. ಪ್ರಕೃತಿಯ ಬಗ್ಗೆ ಯಾರಿಗಾದರೂ ಕಾಳಜಿ ಇದೆಯೇ ಎಂದು ಕೇಳಿ, ಇದೆ ಎಂದು ತಾನೇ ಉತ್ತರ ಕೊಡುವ ಸರಣಿ ಅದು. ಪರಿಸರವಾದಿಗಳು ಕೆಂಡವಾದರು. ಅಳಿವಿನಂಚಿನ ಚಿಟ್ಟೆಯನ್ನು ಕೊಲ್ಲುವುದು ಕಾನೂನಿನಲ್ಲೇ ಅಪರಾಧ, ಅದನ್ನು ಉಳಿಸಿದ್ದಕ್ಕೆ ಶಹಬ್ಬಾಸ್‌ಗಿರಿ ಯಾಕೆ, ಚಿಟ್ಟೆಗೆ ಮಾಡುವ ಖರ್ಚಿಗಿಂತ ಜಾಹೀರಾತಿನ ಖರ್ಚೇ ಎಷ್ಟೋ ಪಟ್ಟು ಅಲ್ಲವೇ ಎಂದು ಕೇಳಿದರು. ಹಸಿರು ಬಳಿದುಕೊಳ್ಳುವ ಕಂಪನಿಗಳ ಬಗ್ಗೆ ಬರೆಯುವವರು ಇವತ್ತಿಗೂ ಕೊಡುವ ಹಳೆಯ ಉದಾಹರಣೆಗಳಲ್ಲಿ ಇದೊಂದು.

ನನ್ನ ಅಭಿಪ್ರಾಯ ಕೇಳಿದರೆ ಎರಡೂ ನಿಜ. ಬೇಲಿ ಬಿದ್ದದ್ದು ಚಿಟ್ಟೆ ಪಟ್ಟಿಗೆ ಸೇರುವ ಮೊದಲೇ, ಅದನ್ನು ಒಪ್ಪಬೇಕು. ಆ ಒಂದೂವರೆ ಎಕರೆಯ ಸುತ್ತಲಿನ ದಿಬ್ಬ ಎಲ್ಲಿ ಹೋಯಿತು ಎನ್ನುವುದನ್ನು ಜಾಹೀರಾತು ಹೇಳಲಿಲ್ಲ, ಅದನ್ನೂ ಮರೆಯಬಾರದು. 2025ರ ಅಕ್ಟೋಬರ್ 2ರ ರಾತ್ರಿ ಈ ರಿಫೈನರಿಯಲ್ಲಿ ದೊಡ್ಡ ಬೆಂಕಿ ಎದ್ದಾಗ, ಇಡೀ ಆಕಾಶ ಕಿತ್ತಳೆಯಾದ ಚಿತ್ರಗಳನ್ನು ನೀವೂ ನೋಡಿರಬಹುದು. ಆ ತಿಂಗಳಲ್ಲಿ ಚಿಟ್ಟೆಗಳು ಮರಳಿನಡಿ ಕೋಶದಲ್ಲಿರುತ್ತವೆ. ಕಾರ್ಖಾನೆಯ ಪಕ್ಕದಲ್ಲಿ ಉಳಿದ ಜೀವಿಯ ಬದುಕು ಕಾರ್ಖಾನೆಯ ಹಣೆಬರಹಕ್ಕೂ ಗಂಟುಬಿದ್ದಿರುತ್ತದೆ.

ಇಂಥದೇ ಇನ್ನೊಂದು ಉದಾಹರಣೆ ಅಲ್ಲೇ ಪಕ್ಕದಲ್ಲಿದೆ. ಪಾಲೋಸ್ ವರ್ಡೀಸ್ ಬ್ಲೂ ಎಂಬ ಚಿಟ್ಟೆ 1983ರಲ್ಲಿ ಅಳಿದೇ ಹೋಯಿತು ಎಂದುಕೊಂಡರು. ಅದರ ಕೊನೆಯ ನೆಲೆಗಳಲ್ಲಿ ಒಂದನ್ನು ಅಲ್ಲಿನ ನಗರಸಭೆ ಆಟದ ಮೈದಾನ ಮಾಡಿತ್ತು. ಮೊಕದ್ದಮೆ ನಡೆದಾಗ, ಕಾಯ್ದೆಯಲ್ಲಿ "ವ್ಯಕ್ತಿ" ಎಂಬ ಪದದ ಅರ್ಥದಲ್ಲಿ ನಗರಸಭೆ ಬರುವುದಿಲ್ಲ ಎಂದು 1988ರಲ್ಲಿ ಕೇಸು ಬಿದ್ದುಹೋಯಿತು. ಅದೇ ವರ್ಷ ಕಾಯ್ದೆಯನ್ನು ತಿದ್ದಿ ನಗರಸಭೆಗಳನ್ನೂ ಸೇರಿಸಿದರು. ಆಮೇಲೆ 1994ರ ಮಾರ್ಚ್‌ನಲ್ಲಿ ಅದೇ ರೂಡಿ ಮಟೋನಿಯವರ ಕಣ್ಣಿಗೆ ಆ ಚಿಟ್ಟೆ ಬಿತ್ತು. ಎಲ್ಲಿ ಗೊತ್ತೇ? ಸ್ಯಾನ್ ಪೆಡ್ರೋದಲ್ಲಿರುವ ಸೇನೆಯ ಇಂಧನ ಸಂಗ್ರಹಾಗಾರದ ಬೇಲಿಯೊಳಗೆ! ಅಲ್ಲಿಂದ ತಂದ ಚಿಟ್ಟೆಗಳನ್ನು ಸಾಕಿ ಮರಿಮಾಡಿಸಿ ಮತ್ತೆ ಬಿಡುವ ಕೆಲಸ ಅಂದಿನಿಂದ ನಡೆದಿದೆ.

ಎಲ್ಲ ಬೇಲಿಗಳ ಕಥೆಯೂ ಹೀಗೆ ಸುಖವಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಪೂರ್ವಕ್ಕೆ, ಸ್ಯಾನ್ ವಾಕೀನ್ ನದಿಯ ದಂಡೆಯ ಆಂಟಿಯಾಕ್‌ನಲ್ಲಿಯೂ ಎತ್ತರದ ಮರಳುದಿಬ್ಬಗಳಿದ್ದವು. 1906ರ ಭೂಕಂಪದ ನಂತರ ನಗರ ಮತ್ತೆ ಕಟ್ಟಲು ಇಟ್ಟಿಗೆ ಬೇಕಾಯಿತು, ದಿಬ್ಬಗಳ ಮರಳು ಅದಕ್ಕೆ ಹೋಯಿತು. 1980ರಲ್ಲಿ ಉಳಿದ ಚೂರನ್ನು ಕೇಂದ್ರ ಸರ್ಕಾರ ರಾಷ್ಟ್ರೀಯ ವನ್ಯಜೀವಿ ತಾಣ ಮಾಡಿತು. ಅಳಿವಿನಂಚಿನ ಗಿಡ ಮತ್ತು ಕೀಟಗಳಿಗಾಗಿಯೇ ಆ ದೇಶದಲ್ಲಿ ಮಾಡಿದ ಮೊದಲ ತಾಣ. ಎರಡು ತುಂಡು ಜಾಗ, ನಡುವೆ ಜಿಪ್ಸಮ್ ಕಾರ್ಖಾನೆ. ಅಲ್ಲಿನ ಲ್ಯಾಂಗೀಸ್ ಮೆಟಲ್‌ಮಾರ್ಕ್ ಎಂಬ ಚಿಟ್ಟೆ 1976ರ ಆ ಆರರ ಪಟ್ಟಿಯಲ್ಲೇ ಇದ್ದದ್ದು. ಆದರೆ ಮರಳು ಹೋಗಿತ್ತು. ಗಾಳಿಗೆ ಚಲಿಸುವ ಸಡಿಲ ಮರಳಿಲ್ಲದೆ ಕಳೆ ಮುಚ್ಚಿಕೊಂಡಿತು, ಅಲ್ಲಿನ ಬಕ್‌ವೀಟ್ ಸೊರಗಿತು. 2006ರ ಎಣಿಕೆಯಲ್ಲಿ ಅತಿ ಹೆಚ್ಚು ಸಿಕ್ಕಿದ ದಿನದ ಲೆಕ್ಕ 45 ಚಿಟ್ಟೆ. 2013ರಿಂದ ನದಿ ಬಂದರಿನ ಹೂಳೆತ್ತಿದ ಮರಳನ್ನು ತಂದು ಅಲ್ಲಿ ಸುರಿದು ದಿಬ್ಬ ಮಾಡುತ್ತಿದ್ದಾರೆ. ಹಿಂದೆ ಇಟ್ಟಿಗೆಗೆ ಹೊತ್ತೊಯ್ದದ್ದನ್ನು ಈಗ ಪೈಪಿನಲ್ಲಿ ವಾಪಸ್ಸು ಕೊಟ್ಟಂತೆ.

ಇದಕ್ಕೆ ಎದುರಾಗಿ ಒಂದು ಸಿಹಿ ಸುದ್ದಿಯನ್ನೂ ಹೇಳಬೇಕು. ಎಲ್ ಸೆಗುಂಡೊದಿಂದ ದಕ್ಷಿಣಕ್ಕೆ ರೆಡೊಂಡೊ ಬೀಚ್, ಟೊರೆನ್ಸ್ ಊರುಗಳ ಕಡಲದಂಡೆಯ ದಿಣ್ಣೆಗಳಲ್ಲಿ ಐಸ್ ಪ್ಲಾಂಟ್ ಕಿತ್ತು ದಿಬ್ಬದ ಬಕ್‌ವೀಟ್ ನೆಟ್ಟರು. ಚಿಟ್ಟೆಯನ್ನು ಯಾರೂ ತಂದು ಬಿಡಲಿಲ್ಲ. 2007ರಲ್ಲಿ ಅದು ತಾನಾಗಿಯೇ ಬಂದು ಹೂವಿನ ಮೇಲೆ ಕೂತಿತು. ದೂರ ಹಾರದ ಚಿಟ್ಟೆ ಎಂದುಕೊಂಡಿದ್ದವರಿಗೆಲ್ಲ ಅಚ್ಚರಿ.

* * *

ಈ ಇತಿಹಾಸವನ್ನೆಲ್ಲ ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ನಮ್ಮ ಕರಾವಳಿಗೆ ಹೋಗುತ್ತದೆ. ಕಾರವಾರದ ಕಡಲದಂಡೆಯಲ್ಲಿ ಗಾಳಿಮರ ನೆಡಲು ಶುರುಮಾಡಿದ್ದು 1860ರ ದಶಕದಲ್ಲಿ. ಸೌದೆ ಸಿಕ್ಕಿತು, ಗಾಳಿಗೆ ತಡೆಯಾಯಿತು, ಎಷ್ಟೋ ಮನೆಗಳ ಒಲೆ ಉರಿಯಿತು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗಾಳಿಮರದ ಕೆಳಗೆ ಹಾಸಿದ ಕಡ್ಡಿ ಎಲೆಗಳ ನಡುವೆ ಮರಳಿನ ಸ್ವಂತ ಗಿಡಬಳ್ಳಿಗಳು ಏಳುವುದು ಕಷ್ಟ. ಆ ಮರ ಬರುವ ಮೊದಲು ಅಲ್ಲಿ ಯಾವ ಹೂವಿತ್ತು, ಆ ಹೂವನ್ನೇ ನಂಬಿದ ಯಾವ ಹುಳುವಿತ್ತು? ಮ್ಯಾನ್‌ಹ್ಯಾಟನ್ ಬೀಚಿನಲ್ಲಿ ಆದದ್ದು ನಮ್ಮಲ್ಲಿಯೂ ಆಗಿದೆ. ದಿಬ್ಬ ಅಗೆದು ಮರಳು ಮಾರುವುದು, ಸಮತಟ್ಟು ಮಾಡಿ ರೆಸಾರ್ಟ್ ಕಟ್ಟುವುದು, ಅಲೆ ಕೊರೆದರೆ ಕಲ್ಲಿನ ತಡೆಗೋಡೆ ಸುರಿಯುವುದು. ಕಾನೂನು ಇಲ್ಲ ಎಂದಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೇ ಮರಳುದಿಬ್ಬಗಳನ್ನು ಕೆದಕಬಾರದು ಎಂದಿದೆ. 2011 ಮತ್ತು 2019ರ ಅಧಿಸೂಚನೆಗಳು ಅವನ್ನು ಅತಿ ಸೂಕ್ಷ್ಮ ಪ್ರದೇಶಗಳ ಸಾಲಿಗೆ ಸೇರಿಸಿವೆ.

ಆದರೆ ಎಲ್ ಸೆಗುಂಡೊದ ಕಥೆಯಿಂದ ನನಗೆ ತಿಳಿದದ್ದು ಇಷ್ಟು: ಕಾನೂನು ಬೇಲಿ ಹಾಕಬಲ್ಲದು. ಬೇಲಿಯೊಳಗೆ ಯಾವ ಗಿಡ ಇರಬೇಕು, ಅದು ಯಾವ ತಿಂಗಳು ಹೂಬಿಡುತ್ತದೆ, ಅದರ ಬುಡದಲ್ಲಿ ಯಾರು ಮಲಗಿದ್ದಾರೆ ಎನ್ನುವುದು ಬಗ್ಗಿ ನೋಡಿದವರಿಗಷ್ಟೇ ಗೊತ್ತಾಗುವ ವಿಷಯ. ಅಲ್ಲಿ ಬಗ್ಗಿ ನೋಡಿದವರು ನಾಲ್ಕಾರು ಜನ. ಸರಿಯಾದ ಬಕ್‌ವೀಟ್ ಯಾವುದು, ತಪ್ಪು ಬಕ್‌ವೀಟ್ ಯಾವುದು ಎಂದು ಅವರು ಹೇಳದೇ ಇದ್ದಿದ್ದರೆ, ದೇಸಿ ಗಿಡ ನೆಟ್ಟೆವು ಎಂಬ ಸಮಾಧಾನದಲ್ಲೇ ಚಿಟ್ಟೆಯ ತಿಥಿ ಆಗುತ್ತಿತ್ತು. ನಾಗಬನದ ಮರ ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟಿ, ಬನ ಜೀರ್ಣೋದ್ಧಾರವಾಯಿತು ಎಂದು ಸಂತೋಷಪಡುತ್ತೇವಲ್ಲ, ಹಾಗೆ.

ನಮ್ಮ ಕರಾವಳಿಯವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮೂರಿನ ಬೀಚಿನಲ್ಲಿ, ಬಂದರಿನ ಗೋಡೆಯ ಹಿಂದೆ, ಕಾರ್ಖಾನೆಯ ಕಾಂಪೌಂಡಿನ ಆಚೆ ಎಲ್ಲಾದರೂ ಹಳೆಯ ಮರಳುದಿಬ್ಬದ ತುಂಡು ಉಳಿದಿದ್ದರೆ, ಅಲ್ಲಿ ಯಾವ ಬಳ್ಳಿ ಹಬ್ಬಿದೆ, ಯಾವ ಚಿಟ್ಟೆ ಬರುತ್ತದೆ ಎಂದು ಒಮ್ಮೆ ನೋಡಿ. ಅಜ್ಜಿಯರನ್ನು, ಬಲೆ ಹಾಕುವವರನ್ನು ಕೇಳಿ. ಅವರ ಬಾಯಲ್ಲಿ ಆ ಗಿಡಗಳಿಗೆ ಹೆಸರಿರುತ್ತದೆ. ಬರೆದಿಡಿ. ಒಂದೂವರೆ ಎಕರೆಯಾದರೂ ಸಾಕು ಎಂದು ಮೇಲೆ ನೋಡಿದೆವಲ್ಲ. ಹೆಸರು ಸಿಗುವ ಮೊದಲೇ ಹೋಗಿಬಿಟ್ಟರೆ, ಯಾವ ಪಟ್ಟಿಗೆ ಸೇರಿಸುವುದು ಹೇಳಿ?